ತೋಟದ ಕೆಸರಿಗೆ ಯಾವ ಟೈರು?

ಮಳೆಗಾಲ ಹತ್ತಿರ ಬಂತೆಂದರೆ ಈ ಅಂಕಣದ ಪತ್ರಗಳಿಗೂ ಕೆಸರು ಮೆತ್ತಿಕೊಳ್ಳುತ್ತದೆ. ಈ ಸಲ ಬಂದವುಗಳಲ್ಲಿ ಮುಕ್ಕಾಲು ಪಾಲು ಟೈರಿನವೇ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬೇಕಾಯಿತು. ಉಳಿದವರು ಸ್ವಲ್ಪ ಒತ್ತಿಕೊಂಡು ಕೂರಬೇಕು.

ಪ್ರಶ್ನೆ: ನಮ್ಮದು ನಾಲ್ಕು ಎಕರೆ ಅಡಿಕೆ ತೋಟ, ಮರಕ್ಕೆ ಕಾಳುಮೆಣಸು ಹಬ್ಬಿಸಿದ್ದೇವೆ. ಅರ್ಧ ಗುಡ್ಡದ ಬುಡದ ಹಳೇ ತೋಟ, ಇನ್ನರ್ಧ ಗದ್ದೆಯಲ್ಲಿ ಎಬ್ಬಿಸಿದ್ದು. ಸಾಲಿನಿಂದ ಸಾಲಿಗೆ ಒಂಬತ್ತಡಿ. 27 ಎಚ್‌ಪಿಯ ಫೋರ್ ವೀಲ್ (ನಾಲ್ಕೂ ಚಕ್ರ ಎಳೆಯುವ) ಮಿನಿ ಟ್ರ್ಯಾಕ್ಟರ್ ಇದೆ, ಹಿಂದೆ 8.3-20, ಮುಂದೆ 7-12 ಟೈರು. ಬೇಸಿಗೆಯಲ್ಲಿ ಯಾವ ತಕರಾರೂ ಇಲ್ಲ. ಜುಲೈಯಲ್ಲಿ ಎರಡನೇ ಔಷಧಿಗೆ ಡ್ರಮ್ಮು ಹೇರಿಕೊಂಡು ಒಳಗೆ ಹೋದರೆ ಗದ್ದೆ ತೋಟದಲ್ಲಿ ಹೂತು ನಿಲ್ಲುತ್ತದೆ, ಹಳೇ ತೋಟದಲ್ಲಿ ಜಾರುತ್ತದೆ. ಬಟನ್ (ಟೈರಿನ ಹಲ್ಲು) ಅರ್ಧಕ್ಕಿಂತ ಹೆಚ್ಚು ಸವೆದಿರುವುದರಿಂದ ಹೇಗೂ ಟೈರು ಬದಲಿಸಬೇಕು. ಶಿವಮೊಗ್ಗದ ಅಂಗಡಿಯವರು ಗದ್ದೆ ಟೈರು ಹಾಕಿಸಿ ಎನ್ನುತ್ತಾರೆ. ಮಗ ಹಿಂದಕ್ಕೆ ಒಂದು ಸೈಜು ದೊಡ್ಡದು ಹಾಕೋಣ ಎನ್ನುತ್ತಾನೆ. ಪಕ್ಕದ ತೋಟದವರು ಇರುವ ಟೈರಿಗೇ ನೀರು ತುಂಬಿಸಿ, ಸಾಕು ಎನ್ನುತ್ತಾರೆ. ತಾವು ಏನು ಹೇಳುತ್ತೀರಿ?
— ಅಡಿಕೆ ಬೆಳೆಗಾರರು, ಕೊಪ್ಪ ತಾಲ್ಲೂಕು

ಉತ್ತರ: ಮೂವರ ಮಾತನ್ನೂ ಸ್ವಲ್ಪ ಹೊತ್ತು ಬದಿಗಿಡಿ ಸ್ವಾಮಿ. ನಿಮ್ಮ ಪತ್ರದಲ್ಲೇ ಉತ್ತರದ ಅರ್ಧ ಇದೆ: ಒಂದು ಕಡೆ ಹೂಳುತ್ತದೆ, ಇನ್ನೊಂದು ಕಡೆ ಜಾರುತ್ತದೆ. ಇವೆರಡು ಬೇರೆ ಬೇರೆ ಕಾಯಿಲೆ. ಒಂದೇ ಗುಳಿಗೆ ಕೊಟ್ಟರೆ ಎರಡರಲ್ಲಿ ಒಂದು ಹೆಚ್ಚಾಗುತ್ತದೆ.

ನಾಳೆ ಬೆಳಿಗ್ಗೆ ಒಂದು ಹಾರೆ ಹಿಡಿದು ತೋಟಕ್ಕೆ ಇಳಿಯಿರಿ. ಟ್ರ್ಯಾಕ್ಟರ್ ಓಡಾಡುವ ಸಾಲಿನಲ್ಲಿ ಅಲ್ಲಲ್ಲಿ ಹಾರೆಯನ್ನು ಮೈಭಾರ ಬಿಟ್ಟು ಒತ್ತಿ, ಗುದ್ದಬೇಡಿ. ಹಳೇ ತೋಟದಲ್ಲಿ ಮೇಲಿನ ಐದಾರು ಇಂಚು ದರಗು, ಗೊಬ್ಬರ, ಹೊಸ ಮಣ್ಣಿನಲ್ಲಿ ಹಾರೆ ಸಲೀಸಾಗಿ ಇಳಿದು ಕೆಳಗಿನ ಜಂಬಿಟ್ಟಿಗೆ ತಾಗಿ ಟಕ್ಕೆಂದು ನಿಲ್ಲುತ್ತದೆ. ಅಂಥ ಜಾಗದಲ್ಲಿ ಟೈರು ಜಾರುವುದು ಅದರ ಹಲ್ಲು ಗಟ್ಟಿ ನೆಲಕ್ಕೆ ಮುಟ್ಟದೆ ಇರುವುದರಿಂದ. ಗದ್ದೆ ತೋಟದಲ್ಲಿ ಹಾರೆ ಇಳಿಯುತ್ತಲೇ ಹೋಗುತ್ತದೆ, ಒಂದೂವರೆ ಅಡಿಗೂ ತಳ ಸಿಗುವುದಿಲ್ಲ. ಅಲ್ಲಿ ಹಲ್ಲು ಎಷ್ಟು ಉದ್ದ ಇದ್ದರೂ ಕಚ್ಚುವುದಕ್ಕೆ ಏನಿದೆ? ಉದ್ದ ಹಲ್ಲಿನ ಟೈರು ಅಂಥ ಕಡೆ ಗುದ್ದಲಿ ಕೆಲಸ ಮಾಡುತ್ತದೆ. ತಿರುಗಿದಷ್ಟೂ ತನ್ನ ಕೆಳಗಿನ ಮಣ್ಣನ್ನು ತೋಡಿ ಹಿಂದಕ್ಕೆ ಎಸೆದು, ಕೊನೆಗೆ ಆಕ್ಸಲ್ ಪೆಟ್ಟಿಗೆ ನೆಲದ ಮೇಲೆ ಕೂತಾಗ ನಿಲ್ಲುತ್ತದೆ.

ಗದ್ದೆ ಟೈರು ಎಂದು ಅಂಗಡಿಯವರು ಹೇಳಿದ್ದರ ಮೇಲೆ ಆರ್-2 ಎಂದು ಬರೆದಿರುತ್ತದೆ. ನಿಮ್ಮಲ್ಲಿ ಈಗ ಇರುವುದು ಆರ್-1 ಇರಬೇಕು, ಟೈರಿನ ಪಕ್ಕದಲ್ಲಿ ಕೆಸರು ಒರೆಸಿ ನೋಡಿ. ಆರ್-1 ಎಂದರೆ ಸಾಧಾರಣ ಹೊಲದ ಟೈರು. ಆರ್-1 ಡಬ್ಲ್ಯೂ ಎಂಬುದರ ಹಲ್ಲು ಅದಕ್ಕಿಂತ ಕಾಲು ಪಾಲಿನಷ್ಟು ಆಳ. ಆರ್-2ರ ಹಲ್ಲು ಹೆಚ್ಚು ಕಡಿಮೆ ದುಪ್ಪಟ್ಟು, ಹಲ್ಲಿನಿಂದ ಹಲ್ಲಿಗೆ ಅಂತರವೂ ಜಾಸ್ತಿ. ಭತ್ತದ ಗದ್ದೆಯಲ್ಲಿ, ಕಬ್ಬಿನ ಕೆಸರಿನಲ್ಲಿ ಅದಕ್ಕೆ ಸಮನಿಲ್ಲ. ಯಾಕೆಂದರೆ ಕಾಲಾಂತರದಿಂದ ಉತ್ತ ಗದ್ದೆಯ ಕೆಳಗೆ ಗಟ್ಟಿ ಪದರವೊಂದು ಕೂತಿರುತ್ತದೆ, ಉದ್ದ ಹಲ್ಲು ಅದನ್ನು ಹಿಡಿಯುತ್ತದೆ. ನಿಮ್ಮದೂ ಒಂದು ಕಾಲಕ್ಕೆ ಗದ್ದೆಯೇ. ಆದರೆ ತೋಟ ಎಬ್ಬಿಸುವಾಗ ಅಗೆದು, ಗುಂಡಿ ತೆಗೆದು, ಮೇಲೆ ಮಣ್ಣು ಹೊರಿಸಿದ್ದೀರಿ. ಆ ಪದರ ಅಲ್ಲಲ್ಲಿ ಒಡೆದಿದೆ, ಒಡೆಯದೆ ಉಳಿದಿದ್ದು ಟೈರಿಗೆ ಎಟುಕದಷ್ಟು ಕೆಳಗಿದೆ.

ಗದ್ದೆಯಲ್ಲಿ ಇಲ್ಲದ್ದು ತೋಟದಲ್ಲಿ ಇನ್ನೊಂದಿದೆ, ಬೇರು. ಅಡಿಕೆಯ ಹೆಚ್ಚಿನ ಬೇರು ಬುಡದಿಂದ ಒಂದು ಮೀಟರಿನೊಳಗೆ, ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತದೆ. ನಿಮ್ಮ ಸಾಲು ಒಂಬತ್ತಡಿ. ಟ್ರ್ಯಾಕ್ಟರಿನ ಅಗಲ ನಾಲ್ಕಡಿ ಎಂದಿಟ್ಟುಕೊಂಡು, ಗೆರೆ ಎಳೆದ ಹಾಗೆ ಸಾಲಿನ ನಟ್ಟನಡುವೆಯೇ ಓಡಿಸಿದರೂ ಟೈರಿನ ಹೊರ ಅಂಚು ಎರಡೂ ಕಡೆಯ ಮರದ ಬುಡದಿಂದ ಎರಡೂವರೆ ಅಡಿ ದೂರದಲ್ಲಿ. ಅಂದರೆ ಬೇರಿನ ಮೇಲೇ. ಸಾಲಿನ ಕೊನೆಯಲ್ಲಿ ತಿರುಗಿಸುವಾಗ ಇನ್ನೂ ಹತ್ತಿರ. ಆರ್-2ರ ಹಲ್ಲು ಅಲ್ಲಿ ಜಾರಿ ತಿರುಗಿದರೆ ಏನಾಗುತ್ತದೆಂದು ನೋಡಬೇಕಾದರೆ ಆ ಟೈರು ಹಾಕಿದವರ ತೋಟಕ್ಕೆ ಸೆಪ್ಟೆಂಬರಿನಲ್ಲಿ ಹೋಗಿ ಬನ್ನಿ. ಚಕ್ರದ ಗುಂಡಿಯಲ್ಲಿ ನೀರು ನಿಂತಿರುತ್ತದೆ, ಗುಂಡಿಯ ಗೋಡೆಯಲ್ಲಿ ಕತ್ತರಿಸಿದ ಬೇರಿನ ತುದಿಗಳು ಕಂದು ಬಣ್ಣಕ್ಕೆ ತಿರುಗಿ ಇಣುಕುತ್ತಿರುತ್ತವೆ. ನೀರು ನಿಂತ ತೋಟಕ್ಕೆ ಅಣಬೆ ರೋಗ ಬೇಗ ಬರುತ್ತದೆಂಬುದು ನಿಮಗೆ ನಾನು ಹೇಳಬೇಕಾದ್ದಲ್ಲ.

ಮೆಣಸಿನ ವಿಚಾರ ಇನ್ನೂ ಸೂಕ್ಷ್ಮ. ಶೀಘ್ರ ಸೊರಗು ರೋಗದ ಶಿಲೀಂಧ್ರ ಮಣ್ಣು ನೀರಿನ ಜೊತೆಗೇ ಓಡಾಡುವಂಥದ್ದು. ಉದ್ದ ಹಲ್ಲಿನ ಟೈರು ಒಂದು ತೋಟದಿಂದ ಹೊರಬರುವಾಗ ಬುಟ್ಟಿಗಟ್ಟಲೆ ಮಣ್ಣು ಕಚ್ಚಿಕೊಂಡು ಬರುತ್ತದೆ. ನಿಮ್ಮ ಟ್ರ್ಯಾಕ್ಟರು ಪಕ್ಕದವರ ತೋಟಕ್ಕೂ ಬಾಡಿಗೆಗೆ ಹೋಗುತ್ತದೋ ಇಲ್ಲವೋ ಬರೆದಿಲ್ಲ. ಹೋಗುವುದಾದರೆ ಯಾವ ಟೈರೇ ಇರಲಿ, ಒಳಗೆ ಬರುವ ಮೊದಲು ಗೇಟಿನ ಹತ್ತಿರವೇ ಪೈಪು ಹಿಡಿದು ಹಲ್ಲಿನ ಸಂದಿಯೆಲ್ಲ ತೊಳೆಸಿ.

ಹಾಗಾಗಿ ಆರ್-2 ಬೇಡ. ನಾನು ಹಾಕಿಸುವುದಾದರೆ ಅದೇ 8.3-20, ಅದೇ 7-12, ಎರಡೂ ಆರ್-1. ಆರ್-1 ಡಬ್ಲ್ಯೂ ಸಿಕ್ಕಿದರೆ ಅದು, ಸಿಗದಿದ್ದರೆ ಅದಕ್ಕಾಗಿ ಊರೂರು ಅಲೆಯುವ ಅಗತ್ಯವಿಲ್ಲ. ಅಂಗಡಿಯಲ್ಲಿ ಟೈರು ನೋಡುವಾಗ ಹಲ್ಲಿನ ಎತ್ತರವೊಂದನ್ನೇ ಅಳೆಯಬೇಡಿ. ಎರಡು ಹಲ್ಲಿನ ನಡುವೆ ಅಂಗೈ ಅಡ್ಡ ಇಟ್ಟು ನೋಡಿ. ಅಂಗೈ ಸಲೀಸಾಗಿ ಕೂರುವಷ್ಟು ಜಾಗವಿದ್ದರೆ ಕೆಸರು ತಾನಾಗಿ ಉದುರುತ್ತದೆ. ಸಂದಿ ಕಿರಿದಾಗಿದ್ದರೆ ನಮ್ಮ ಕೆಂಪು ಜೇಡಿ ಅಲ್ಲಿ ಕೂತು ಹತ್ತು ಮಾರು ಹೋಗುವಷ್ಟರಲ್ಲಿ ಹೊಸ ಟೈರು ಬೋಳು ಟೈರಾಗುತ್ತದೆ. ಹಲ್ಲಿನ ಬುಡ ಅಗಲವಾಗಿ ತುದಿ ಕಿರಿದಾಗಿರುವುದೂ ಒಳ್ಳೆಯ ಲಕ್ಷಣವೇ.

ಪ್ಲೈ ರೇಟಿಂಗು (ಟೈರಿನ ಪದರಗಳ ಬಲ ಹೇಳುವ ಅಂಕಿ) ಹೆಚ್ಚಿದ್ದಷ್ಟೂ ಗಟ್ಟಿ ಎಂದು ಅಂಗಡಿಯವರು ಹೇಳುತ್ತಾರೆ, ಅದು ನಿಜ. ಕೆಸರಿಗೆ ಬೇಕಾದ್ದು ಮಾತ್ರ ಆ ಗಟ್ಟಿತನವಲ್ಲ. ಪಕ್ಕದ ಗೋಡೆ ಬಗ್ಗಿ ಟೈರು ನೆಲದ ಮೇಲೆ ಅಗಲವಾಗಿ ಹರಡಿಕೊಳ್ಳಬೇಕು. ಟ್ರ್ಯಾಕ್ಟರಿನ ಜೊತೆ ಬಂದ ಟೈರಿಗೆ ಎಷ್ಟು ಪ್ಲೈ ಇತ್ತೋ ಅಷ್ಟೇ ಇರಲಿ. ದಿನಾ ಮರಳು, ಕಲ್ಲು ಹೊಡೆಯುವವರಿಗೆ ಹೆಚ್ಚಿನ ಪ್ಲೈ.

ಈಗ ಮಗರಾಯನ ಸಲಹೆಗೆ ಬರೋಣ. ಟೂ ವೀಲ್ ಟ್ರ್ಯಾಕ್ಟರ್ ಆಗಿದ್ದರೆ ಯೋಚಿಸಬಹುದಿತ್ತು, ನಿಮ್ಮದು ಫೋರ್ ವೀಲ್. ಅದರಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ನೂರಕ್ಕೆ ಒಂದರಿಂದ ಐದರಷ್ಟು ಮುಂದೆ ಓಡುವ ಹಾಗೆ ಗೇರು ಲೆಕ್ಕ ಹಾಕಿರುತ್ತಾರೆ, ಮುಂದಿನದು ಸದಾ ಸ್ವಲ್ಪ ಎಳೆಯುತ್ತಿರಲಿ ಎಂದು. ಹಿಂದಿನ ಟೈರು ಮಾತ್ರ ದೊಡ್ಡದು ಮಾಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಹಿಂದಿನ ಚಕ್ರ ಮುಂದಿನದನ್ನು ನೂಕುತ್ತದೆ, ಮುಂದಿನದು ಬ್ರೇಕಿನ ಕೆಲಸ ಮಾಡುತ್ತದೆ. ಕೆಸರಿನಲ್ಲಿ ಗೊತ್ತಾಗುವುದಿಲ್ಲ, ಗಟ್ಟಿ ನೆಲದ ಮೇಲೆ ಮುಂದಿನ ಆಕ್ಸಲಿನ ಗೇರು ಹಲ್ಲು ಉದುರಿಸಿಕೊಂಡಾಗ ಗೊತ್ತಾಗುತ್ತದೆ. ಗ್ಯಾರೇಜು ನಡೆಸುತ್ತಿದ್ದಾಗ ಅಂಥ ಆಕ್ಸಲ್ ಬಿಚ್ಚಿ, ಎಣ್ಣೆಯ ತಳದಲ್ಲಿ ಗೇರಿನ ಚೂರು ಆಯ್ದು ತೋರಿಸಿದರೂ ‘ಟೈರಿಗೂ ಇದಕ್ಕೂ ಏನು ಸಂಬಂಧ ಮಾರಾಯ್ರೆ’ ಎಂದು ಕೇಳಿದವರೇ ಹೆಚ್ಚು. ಹಿಂದಿನ ಎರಡಕ್ಕೆ ಹೊಸದು ಹಾಕಿ ಮುಂದೆ ಸವೆದದ್ದನ್ನೇ ಓಡಿಸುವುದೂ ಇದೇ ಜಾತಿಯ ತಪ್ಪು. ಮುಂದಿನದು ಸವೆದಷ್ಟೂ ಅದರ ಸುತ್ತಳತೆ ಸಣ್ಣದಾಗುತ್ತದೆ. ದುಡ್ಡು ಒಟ್ಟಿಗೆ ಆಗುವುದಿಲ್ಲ ಎಂದಾದರೆ ಮುಂದಿನ ಜೋಡಿ ಮೊದಲು ಹಾಕಿಸಿ, ಹಿಂದಿನದು ಆಮೇಲೆ. ಮತ್ತೆ, ಟಾರು ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ಬಿಡಿಸುವ ಅಭ್ಯಾಸ ಮನೆಯವರಿಗೆಲ್ಲ ಇರಲಿ.

ನೀರು ತುಂಬಿಸುವುದು. ನೀರೆಂದರೆ ಭಾರ. ಜಾರುವ ಹಳೇ ತೋಟಕ್ಕೆ ಭಾರದಿಂದ ಪ್ರಯೋಜನವಿದೆ. ಹೂಳುವ ಗದ್ದೆ ತೋಟಕ್ಕೆ ಅದೇ ಭಾರ ಶತ್ರು. ನಿಮ್ಮ ಟ್ರ್ಯಾಕ್ಟರು ಆರೂವರೆ ಕ್ವಿಂಟಲ್ ಆಸುಪಾಸಿನದು. ಅದರ ಹಿಂದೆ ಇನ್ನೂರು ಲೀಟರಿನ ಡ್ರಮ್ಮು ಹೇರಿದಾಗ ಹಿಂದಿನ ಚಕ್ರಕ್ಕೆ ಬೇಕಾದಷ್ಟು ಭಾರ ಆಗಲೇ ಬಿದ್ದಿರುತ್ತದೆ. ಇನ್ನೂ ನೀರು ತುಂಬಿಸಿದರೆ ಟೈರು ಬಗ್ಗುವ ಗುಣವನ್ನೂ ಕಳೆದುಕೊಳ್ಳುತ್ತದೆ. ಬೇಡ.

ಮೂವರಲ್ಲಿ ಯಾರೂ ಹೇಳದೆ ಬಿಟ್ಟದ್ದು ಗಾಳಿ. ಟೈರಿಗೆ ಈಗ ಎಷ್ಟು ಪೌಂಡು ಇದೆ ನೋಡಿಸಿ. ಟ್ರಾಲಿ ಎಳೆಯಬೇಕೆಂದು ಯಾರೋ ಇಪ್ಪತ್ತು, ಇಪ್ಪತ್ತೆರಡು ಹೊಡೆಸಿರುತ್ತಾರೆ, ಅದರಲ್ಲೇ ವರ್ಷಗಟ್ಟಲೆ ಓಡಾಡುತ್ತಿರುತ್ತೀರಿ. ಟೈರಿನೊಳಗೆ ಎಷ್ಟು ಒತ್ತಡ ಇದೆಯೋ ಸುಮಾರಾಗಿ ಅಷ್ಟೇ ಒತ್ತಡವನ್ನು ಅದು ನೆಲಕ್ಕೂ ಹಾಕುತ್ತದೆ. ಚದರ ಇಂಚಿಗೆ ಹದಿನಾಲ್ಕು ಪೌಂಡು ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಹಿಂದಿನ ಚಕ್ರದ ಗಾಳಿಯನ್ನು 12-14 ಪೌಂಡಿಗೆ ಇಳಿಸಿದರೆ ಟೈರು ನೆಲದ ಮೇಲೆ ಅಗಲವಾಗಿ ಕೂರುತ್ತದೆ, ಒಂದೆರಡು ಹಲ್ಲು ಹೆಚ್ಚಾಗಿ ಮಣ್ಣಿಗೆ ತಾಗುತ್ತದೆ. ಟ್ರ್ಯಾಕ್ಟರಿಗೆ ಗಾಳಿ ಟೈರು ಬಂದದ್ದೇ ಈ ಉಪಾಯದ ಮೇಲೆ. 1932ರಲ್ಲಿ ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿಯವರು ಕಬ್ಬಿಣದ ಚಕ್ರ ಬಿಚ್ಚಿ ವಿಮಾನದ ಟೈರು ಹಾಕಿ ಹೊಲಕ್ಕಿಳಿಸಿದಾಗ ಅದರಲ್ಲಿದ್ದ ಗಾಳಿ 15 ಪೌಂಡು.

ಕಡಿಮೆ ಒಳ್ಳೆಯದೆಂದು ಎಂಟಕ್ಕೋ ಆರಕ್ಕೋ ಇಳಿಸಬೇಡಿ. ಟ್ಯೂಬ್ ಟೈರಿನಲ್ಲಿ ಗಾಳಿ ತೀರಾ ಕಡಿಮೆಯಾದರೆ ರಿಮ್ಮು ಒಂದು ಕಡೆ ತಿರುಗುತ್ತದೆ, ಟೈರು ಇನ್ನೊಂದು ಕಡೆ ನಿಲ್ಲುತ್ತದೆ, ನಡುವೆ ಸಿಕ್ಕಿದ ವಾಲ್ವ್ ಬುಡಸಮೇತ ಕಿತ್ತುಬರುತ್ತದೆ. ಇದನ್ನು ಮೊದಲೇ ಹಿಡಿಯಲು ಬಿಳಿ ಪೇಂಟಿನಲ್ಲಿ ರಿಮ್ಮಿನಿಂದ ಟೈರಿಗೆ ಅಡ್ಡವಾಗಿ ಗೆರೆ ಎಳೆದಿಡಿ. ಗೆರೆ ಮುರಿದು ಎರಡಾಗಿ ಕಂಡ ದಿನ ಎರಡು ಪೌಂಡು ಏರಿಸಿ. ಕನಿಷ್ಠ ಎಷ್ಟಿರಬೇಕೆಂದು ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇರುತ್ತದೆ. ಟ್ರಾಲಿ ಕಟ್ಟಿ ರಸ್ತೆಗೆ ಹೋಗುವ ದಿನ ಗಾಳಿ ಮತ್ತೆ ಏರಿಸಲೇಬೇಕು. ಮನೆಯಲ್ಲಿ ಒಂದು ಕಾಲ್ಪಂಪು, ಒಂದು ಗಾಳಿ ಗೇಜು ಇಟ್ಟುಕೊಂಡರೆ ಪೇಟೆಗೆ ಹೋಗುವ ತಾಪತ್ರಯ ಇಲ್ಲ.

ಗಾಳಿ ಇಳಿಸಿದ ಮೇಲೆ ಫಲ ಎಷ್ಟೆಂದು ಅಳೆಯಬಹುದು. ಹಿಂದಿನ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅಂಗಳದ ಗಟ್ಟಿ ನೆಲದಲ್ಲಿ ಖಾಲಿ ಟ್ರ್ಯಾಕ್ಟರನ್ನು ಹತ್ತು ಸುತ್ತು ಓಡಿಸಿ ದೂರ ಅಳೆಯಿರಿ. 27 ಮೀಟರ್ ಬಂತು ಅಂದುಕೊಳ್ಳಿ. ಆಮೇಲೆ ಕೆಸರಿನಲ್ಲಿ ಡ್ರಮ್ಮು ಹೇರಿಕೊಂಡು ಅದೇ ಹತ್ತು ಸುತ್ತು. 23 ಮೀಟರ್ ಬಂದರೆ ನೂರಕ್ಕೆ ಹದಿನೈದರಷ್ಟು ಜಾರಿದೆ, ಅಷ್ಟು ಜಾರುವುದು ಸಹಜ. 20ಕ್ಕೆ ಇಳಿದರೆ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲು ತೋಟ ತೋಡುವುದಕ್ಕೆ ಹೋಗುತ್ತಿದೆ ಎಂದು ಲೆಕ್ಕ.

ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಬಗ್ಗೆ ಒಂದೇ ಮಾತು. ಕೆಸರಿಗೆ ಇಳಿಯುವ ಮೊದಲೇ ಅದನ್ನು ಒತ್ತಬೇಕು, ಒಂದು ಚಕ್ರ ಗರಗರ ತಿರುಗಲು ಶುರುವಾದ ಮೇಲಲ್ಲ. ತಿರುವು ಬಂದರೆ ಮೊದಲು ಬಿಡಬೇಕು.

ಇಷ್ಟೆಲ್ಲ ಆದರೂ ಗದ್ದೆ ತೋಟದ ಪ್ರಶ್ನೆ ಟೈರಿನಿಂದ ಪೂರ್ತಿ ಬಗೆಹರಿಯುವುದಿಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಅಡಿಕೆಯ ಕೊಳೆ ರೋಗಕ್ಕೆ ಮೊದಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಮಳೆ ಹಿಡಿಯುವ ಮುಂಚೆ ಆಗುತ್ತದೆ, ಆಗ ನೆಲ ಗಟ್ಟಿ. ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ ಎಂದರೆ ಸರಿಯಾಗಿ ನಡುಮಳೆಗಾಲ. ಬಿಡುವು ಸಿಗುವುದು ಒಂದೆರಡು ದಿನ, ಮಣ್ಣು ಆಗ ತನ್ನಿಂದಾದಷ್ಟು ನೀರು ಕುಡಿದಿರುತ್ತದೆ. ಒದ್ದೆ ಮಣ್ಣಿನ ಮೇಲೆ ಚಕ್ರ ಹಾಯ್ದಾಗ ಆಗುವ ಅದುಮುವಿಕೆಯಲ್ಲಿ ಬಹುಪಾಲು ಮೊದಲ ಸಲಕ್ಕೇ ಆಗಿಹೋಗುತ್ತದೆ. ಆದ್ದರಿಂದ ಇವತ್ತು ಈ ಸಾಲು, ನಾಳೆ ಆ ಸಾಲು ಎಂದು ಎಲ್ಲ ಕಡೆ ಓಡಿಸುವುದಕ್ಕಿಂತ ಒಂದೇ ದಾರಿ ಗೊತ್ತು ಮಾಡಿ ಅದರಲ್ಲೇ ಓಡಾಡುವುದು ಮೇಲು. ನಾಲ್ಕೈದು ಸಾಲಿಗೊಂದು ದಾರಿ ಇಟ್ಟುಕೊಂಡು ಅದಕ್ಕೆ ಜಂಬಿಟ್ಟಿಗೆ ಚೂರು, ಕಲ್ಲು ಹಾಕಿಸಿ, ಎರಡೂ ಬದಿಯ ಕಪ್ಪು (ಬಸಿಗಾಲುವೆ) ಬಿಡಿಸಿ ನೀರು ಇಳಿಯುವಂತೆ ಮಾಡಿ. ಡ್ರಮ್ಮು, ಪಂಪು ದಾರಿಯಲ್ಲೇ ನಿಲ್ಲಲಿ, ಒಳಗೆ ಹೋಗುವುದು ಹೋಸ್ ಪೈಪು ಮಾತ್ರ. ನಾಲ್ಕು ಎಕರೆಗೆ ನೂರು ಮೀಟರ್ ಪೈಪು ಧಾರಾಳ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೂ ಟ್ರ್ಯಾಕ್ಟರಿನ ಹೊಗೆ ತಪ್ಪುತ್ತದೆ. ಪೈಪು ಎಳೆಯಲು ಒಬ್ಬ ಆಳು ಹೆಚ್ಚಿಗೆ ಬೇಕು ಎಂದು ನಿಮ್ಮ ಮನೆಯಲ್ಲಿ ಆಕ್ಷೇಪ ಬರಬಹುದು. ಹೂತ ಟ್ರ್ಯಾಕ್ಟರ್ ಎತ್ತಲು ಎಷ್ಟು ಆಳು ಬಂದಿದ್ದರು ಎಂದು ಅವರನ್ನೇ ಕೇಳಿ.

ಪ್ರಶ್ನೆ: 45 ಎಚ್‌ಪಿ ಟ್ರ್ಯಾಕ್ಟರಿನ ಹಿಂದೆ 13.6-28 ಟೈರು ಇವೆ. ನಾಟಿಗೆ ಮುಂಚೆ ಗದ್ದೆ ಕಲೆಸಲು ಪ್ರತಿ ಸಲ ಕೇಜ್ ವೀಲ್ (ಕಬ್ಬಿಣದ ಪಂಜರ ಚಕ್ರ) ಕಟ್ಟುವುದು, ಬಿಚ್ಚುವುದು ಸಾಕಾಗಿದೆ. ಆರ್-2 ಟೈರು ಹಾಕಿಸಿಬಿಟ್ಟರೆ ಕೇಜ್ ವೀಲ್ ಬೇಡವಾಗುತ್ತದೆಯೇ? ಸುಗ್ಗಿಯಲ್ಲಿ ರೈಸ್ ಮಿಲ್ಲಿಗೆ ಭತ್ತವೂ ಹೊಡೆಯುತ್ತೇವೆ.
— ಭತ್ತದ ರೈತರು, ಸಿಂಧನೂರು

ಉತ್ತರ: ಮೇಲಿನವರಿಗೆ ಬೇಡ ಎಂದ ಟೈರು ನಿಮಗೆ ಬೇಕಾದೀತು, ಆದರೆ ನಿಮ್ಮ ಪತ್ರದ ಕೊನೆಯ ವಾಕ್ಯ ನಿಮ್ಮ ಕಾಲಿಗೆ ತೊಡರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನಿಮ್ಮ ಕೆಸರು ಕೆಲಸ ಎಷ್ಟು ಗಂಟೆಯದು, ಮಿಲ್ಲಿಗೆ ಹೋಗಿಬರುವುದು ಎಷ್ಟು ಗಂಟೆಯದು ಎಂದು ಲೆಕ್ಕ ಹಾಕಿ. ಆರ್-2ರಲ್ಲಿ ಹಲ್ಲಿನ ಸಂಖ್ಯೆ ಕಡಿಮೆ, ಹಾಗಾಗಿ ಟಾರು ರಸ್ತೆಯಲ್ಲಿ ಒಂದೊಂದು ಹಲ್ಲಿನ ಮೇಲೂ ಬೀಳುವ ಭಾರ ಹೆಚ್ಚು. ಎತ್ತರದ ಹಲ್ಲು ಬಳುಕುತ್ತ ಉಜ್ಜಿಕೊಂಡು ಹೋಗುತ್ತದೆ. ಸೀಟಿನ ಮೇಲೆ ಕೂತವನ ಸೊಂಟಕ್ಕೂ ಅದು ಗೊತ್ತಾಗುತ್ತದೆ. ರಸ್ತೆ ಕೆಲಸವೇ ಹೆಚ್ಚೆಂದಾದರೆ ಆರ್-1 ಇಟ್ಟುಕೊಂಡು, ಟೈರು ಬಿಚ್ಚದೆ ಅದರ ಹೊರಬದಿಗೆ ಬೋಲ್ಟು ಹಾಕುವ ಅರ್ಧ ಕೇಜ್ ವೀಲ್ ಬಳಸಿ. ಬಿಚ್ಚಿ ಕಟ್ಟುವ ರಗಳೆ ಅರ್ಧಕ್ಕೆ ಇಳಿಯುತ್ತದೆ. ಟ್ರ್ಯಾಕ್ಟರು ಗದ್ದೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ, ಭತ್ತ ಹೊಡೆಯಲು ಬೇರೆ ಗಾಡಿ ಇದೆ ಎಂದಾದರೆ ಆರ್-2 ಹಾಕಿಸಿ, ನಿಶ್ಚಿಂತೆಯಿಂದಿರಿ. ತಳ ಸಿಗದ ಆಳದ ಗದ್ದೆಗಳಿದ್ದರೆ ಆಗಲೂ ಕೇಜ್ ವೀಲ್ ಮಾರಬೇಡಿ.

ಕೇಜ್ ವೀಲ್ ಸಮೇತ ಒಂದು ಗದ್ದೆಯಿಂದ ಇನ್ನೊಂದಕ್ಕೆ ಟಾರು ರಸ್ತೆ ಮೇಲೆ ಹೋಗುವ ಚಾಳಿ ಮಾತ್ರ ಬಿಡಿ. ರಸ್ತೆ ಹಾಳಾಗುವುದು ನಮ್ಮದೇ.

ಪ್ರಶ್ನೆ: ನಾನು ಮಂಡ್ಯ ಕಡೆಯವನು, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇನೆ. ಮನೆಯ ಹಿಂದೆ ಇಳಿಜಾರಿನ ಒಂದು ಎಕರೆ, ಕೆಂಪು ಜೇಡಿ ಮಣ್ಣು. ಹುಲ್ಲು ಕತ್ತರಿಸುವ ಲಾನ್ ಟ್ರ್ಯಾಕ್ಟರಿಗೆ ಸಣ್ಣ ಗಾಡಿ ಕಟ್ಟಿ ತರಕಾರಿ ಮಡಿಗೆ ಗೊಬ್ಬರ ಸಾಗಿಸುತ್ತೇನೆ. ಮಾರ್ಚಿಯ ಮಳೆಯಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಹಿಂದೆ 20×8.00-8, ಮುಂದೆ 15×6.00-6. ಹಲ್ಲಿನ ಟೈರು ಹಾಕಬಹುದೇ? ಅಪ್ಪ ಊರಿನಿಂದ ಈ ಅಂಕಣ ಫೋಟೋ ತೆಗೆದು ಕಳಿಸುತ್ತಾರೆ.

ಉತ್ತರ: ನಿಮ್ಮ ತಂದೆಯವರಿಗೆ ನಮಸ್ಕಾರ ಹೇಳಿ. ಅದೇ ಅಳತೆಯಲ್ಲಿ ಹಲ್ಲಿನ ಟೈರು ನಿಮ್ಮಲ್ಲಿ ಸಿಗುತ್ತದೆ. ಹಾಕಿದರೆ ಹಿಡಿತವೂ ಬರುತ್ತದೆ. ಅದರ ಜೊತೆಗೆ ಎರಡು ತೊಂದರೆ ಬರುತ್ತವೆ. ಈಗಿರುವುದು ಹುಲ್ಲಿಗೆಂದೇ ಮಾಡಿದ ಆರ್-3 ಟೈರು, ಚಪ್ಪಟೆ ಹಲ್ಲಿನದು, ಲಾನಿಗೆ ಪೆಟ್ಟು ಮಾಡುವುದಿಲ್ಲ. ಹಲ್ಲಿನ ಟೈರು ಒಂದು ತಿರುವಿನಲ್ಲೇ ಹುಲ್ಲನ್ನು ಚಕ್ಕೆ ಎಬ್ಬಿಸುತ್ತದೆ. ಎರಡನೆಯದು ಒಳಗಿನದು. ಲಾನ್ ಟ್ರ್ಯಾಕ್ಟರುಗಳ ಹೈಡ್ರೊಸ್ಟಾಟಿಕ್ (ಎಣ್ಣೆಯ ಒತ್ತಡದಿಂದ ನಡೆಯುವ) ಗೇರ್ ಪೆಟ್ಟಿಗೆ ಹುಲ್ಲು ಕತ್ತರಿಸುವ ಕೆಲಸಕ್ಕೆ ತಕ್ಕಷ್ಟೇ ಗಟ್ಟಿ, ಬಹಳಷ್ಟು ಮಾದರಿಗಳಲ್ಲಿ ಎಣ್ಣೆ ಬದಲಿಸುವ ಅನುಕೂಲವೂ ಇರುವುದಿಲ್ಲ. ಈಗ ಭಾರ ಹೆಚ್ಚಾದಾಗ ಟೈರು ಜಾರಿ ಗೇರನ್ನು ಉಳಿಸುತ್ತಿದೆ. ಟೈರು ಜಾರದಂತೆ ಮಾಡಿದಿರೋ, ಆ ಭಾರವನ್ನೆಲ್ಲ ಗೇರು ಹೊರಬೇಕು.

ಹಿಂದಿನ ಗಾಳಿ 10 ಪೌಂಡಿನ ಆಸುಪಾಸಿಗೆ ತನ್ನಿ. ಗಾಡಿಗೆ ಅರ್ಧ ಹೊರೆ ಹಾಕಿ. ಇಳಿಜಾರಿಗೆ ಅಡ್ಡಲಾಗಿ ಹೋಗಬೇಡಿ, ನೇರ ಹತ್ತಿ, ನೇರ ಇಳಿಯಿರಿ. ಗೊಬ್ಬರವನ್ನು ನೆಲ ಆರಿದ ದಿನ ಒಟ್ಟಿಗೆ ಸಾಗಿಸಿ ಮಡಿಯ ಪಕ್ಕ ಗುಡ್ಡೆ ಹಾಕಿಟ್ಟರೆ ಮಾರ್ಚಿಯಲ್ಲಿ ಟ್ರ್ಯಾಕ್ಟರನ್ನು ಹೊರಗೆ ತೆಗೆಯುವ ಕೆಲಸವೇ ಇಲ್ಲ.

ಪ್ರಶ್ನೆ: ಪಂಕ್ಚರ್ ಹಾಕಿಸಿ ತಂದ ಮೇಲೆ ನಮ್ಮ ಪವರ್ ಟಿಲ್ಲರ್ ಕೆಸರಿನಲ್ಲಿ ಮೊದಲಿನ ಹಾಗೆ ಎಳೆಯುತ್ತಿಲ್ಲ. ಟೈರು ಉಲ್ಟಾ ಹಾಕಿದ್ದಾರೆಂದು ನನ್ನ ಅನುಮಾನ. ಮನೆಯವರು ‘ದುಂಡಗಿರುವ ಟೈರಿಗೆ ಉಲ್ಟಾ ಎಲ್ಲಿ, ಸೀದಾ ಎಲ್ಲಿ’ ಎನ್ನುತ್ತಾರೆ. ಕಂಡುಹಿಡಿಯುವುದು ಹೇಗೆ?
— ಗೃಹಿಣಿ, ಶಿರಸಿ

ಉತ್ತರ: ಅನುಮಾನ ಸರಿಯಾದದ್ದೇ ತಾಯಿ. ಟೈರಿನ ಪಕ್ಕದಲ್ಲಿ ಬಾಣದ ಗುರುತು ಇರುತ್ತದೆ, ಮುಂದೆ ಹೋಗುವಾಗ ಚಕ್ರ ಆ ಕಡೆಗೆ ತಿರುಗಬೇಕು. ಬಾಣ ಅಳಿಸಿಹೋಗಿದ್ದರೆ ಮೆತ್ತನೆ ನೆಲದಲ್ಲಿ ನಾಲ್ಕು ಮಾರು ಮುಂದಕ್ಕೆ ಓಡಿಸಿ, ಟಿಲ್ಲರಿನ ಹಿಂದೆ ನಿಂತು ಅಚ್ಚು ನೋಡಿ. ಹಲ್ಲಿನ ಗುರುತುಗಳು ಸೇರಿ ಮೂಲೆಯಾಗುತ್ತವಲ್ಲ, ಆ ಮೂಲೆ ನಿಮ್ಮ ಕಡೆ ಮುಖ ಮಾಡಿದ್ದರೆ ಟೈರು ಸರಿಯಾಗಿದೆ. ಮೂಲೆ ಮೊದಲು ನೆಲ ಮುಟ್ಟಿ ಕೆಸರನ್ನು ಎರಡೂ ಬದಿಗೆ ತಳ್ಳಬೇಕು. ಮೂಲೆ ಟಿಲ್ಲರಿನ ಕಡೆ ನೋಡುತ್ತಿದ್ದರೆ ಉಲ್ಟಾ. ಆಗ ಕೆಸರು ಹೊರಗೆ ಹೋಗುವ ಬದಲು ನಡುವೆ ಬಂದು ತುಂಬಿಕೊಳ್ಳುತ್ತದೆ.

ಎರಡೂ ಉಲ್ಟಾ ಆಗಿದ್ದರೆ ಟೈರು ಬಿಚ್ಚುವ ಅಗತ್ಯವಿಲ್ಲ. ಎಡಗಡೆಯ ಚಕ್ರವನ್ನು ಹಾಗೇ ಬಲಗಡೆಗೆ, ಬಲಗಡೆಯದನ್ನು ಎಡಕ್ಕೆ ಹಾಕಿ, ಹೊರಮುಖ ಹೊರಗೇ ಇರಲಿ. ಸರಿಯಾಗುತ್ತದೆ. ಒಂದೇ ಉಲ್ಟಾ ಆಗಿದ್ದರೆ ಪಂಕ್ಚರ್ ಅಂಗಡಿಗೇ ಹೋಗಬೇಕು, ಈ ಸಲ ದುಡ್ಡು ಕೊಡಬೇಡಿ. ಇನ್ನೊಂದು ಮಾತು, ಎಂಜಿನ್ ಇಲ್ಲದ ಟ್ರೈಲರಿಗೆ ಹಳೇ ಹಲ್ಲಿನ ಟೈರು ಹಾಕಿದ್ದರೆ ಅಲ್ಲಿ ಉಲ್ಟಾ ಹಾಕುವುದೇ ಸರಿ. ಅದು ಎಳೆಯುವ ಚಕ್ರವಲ್ಲ, ಉರುಳುವ ಚಕ್ರ. ಇದನ್ನು ಮನೆಯವರಿಗೆ ಈಗಲೇ ಹೇಳಬೇಡಿ, ವಾದ ಮತ್ತೆ ಶುರುವಾಗುತ್ತದೆ.

ಪ್ರಶ್ನೆ: ಹೊಸದೆಂದು ಕೊಂಡ ಮಿನಿ ಟ್ರ್ಯಾಕ್ಟರ್ ಟೈರು ಒಂದೇ ಮಳೆಗಾಲಕ್ಕೆ ಪಕ್ಕದಲ್ಲಿ ಎಳೆಎಳೆಯಾಗಿ ಬಿರುಕು ಬಿಟ್ಟಿದೆ. ಹಲ್ಲು ಹೊಸದರಂತೆಯೇ ಇದೆ. ಅಂಗಡಿಯವರು ನೀವೇ ಕೆಡಿಸಿದ್ದೀರಿ ಎನ್ನುತ್ತಾರೆ. ಯಾರ ಮಾತು ಸರಿ?
— ತೋಟಗಾರರು, ಸಕಲೇಶಪುರ

ಉತ್ತರ: ಟೈರಿನ ಪಕ್ಕದಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ, ಒಂದೇ ಬದಿಯಲ್ಲಿ ಇರುವುದೂ ಉಂಟು, ಒಳಬದಿಗೂ ಟಾರ್ಚು ಬಿಟ್ಟು ನೋಡಿ. ಮೊದಲಿನ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 3219 ಎಂದಿದ್ದರೆ 2019ರ 32ನೇ ವಾರ, ಅಂದರೆ ಆಗಸ್ಟಿನಲ್ಲಿ ಮಾಡಿದ್ದು. ಅಂಗಡಿಯ ಮಾಳಿಗೆಯಲ್ಲಿ ಬಿಸಿಲು ಸೆಕೆಗೆ ವರ್ಷಗಟ್ಟಲೆ ಬಿದ್ದಿದ್ದ ಟೈರಿನ ಹಲ್ಲು ಸವೆದಿರುವುದಿಲ್ಲ, ರಬ್ಬರು ಮಾತ್ರ ಮುದಿಯಾಗಿರುತ್ತದೆ. ಹಾಗಿದ್ದರೆ ನಿಮ್ಮ ಮಾತು ಸರಿ, ಬಿಲ್ಲು ಹಿಡಿದುಕೊಂಡು ಹೋಗಿ ಕೇಳಿ.

ಅಂಕಿ ಹೊಸದೇ ಇದ್ದರೆ ನಿಮ್ಮ ಕಡೆಯ ಎರಡು ಸಂಗತಿ ನೋಡಬೇಕು. ಗಾಳಿ ಕಡಿಮೆ ಇಟ್ಟು ಭಾರದ ಟ್ರಾಲಿ ಎಳೆದಿದ್ದರೆ ಪಕ್ಕದ ಗೋಡೆ ಬಳುಕಿ ಬಳುಕಿ ಬಿರುಕು ಬಿಡುತ್ತದೆ. ಇನ್ನೊಂದು ಮೈಲುತುತ್ತ. ಬೋರ್ಡೋ ಹೊಡೆಯುವಾಗ ಡ್ರಮ್ಮಿನಿಂದ ತುಳುಕಿದ್ದು ಹಿಂದಿನ ಟೈರಿನ ಮೇಲೇ ಇಳಿದು ನೀಲಿಯಾಗಿ ಒಣಗಿರುತ್ತದೆ. ತಾಮ್ರ ರಬ್ಬರಿಗೆ ಆಗದ ವಸ್ತು, ರಬ್ಬರು ಬೇಗ ಮುದಿಯಾಗುತ್ತದೆ. ಔಷಧಿ ಹೊಡೆದ ಸಂಜೆಯೇ ಟೈರು ತೊಳೆಯಬೇಕು, ಮರುದಿನಕ್ಕೆ ಬಿಡಬಾರದು. ಮುಂದಿನ ಸಲ ಟೈರು ಕೊಳ್ಳುವಾಗ ಕಂಪನಿ ಹೆಸರು, ಸೈಜಿನ ಜೊತೆಗೆ ಆ ನಾಲ್ಕು ಅಂಕಿಯನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ಬೇರೆ ಅಂಗಡಿಗೆ ಹೋಗಿ.